ಮಂಕುಬೂದಿಯೂ ಸತ್ಯವಲಯವೂ

ಆರು ಭಾನುವಾರಗಳಿಗೆ ಸಾಕಾಗುವಂತೆ ನಾನು ಹೆಣೆದಿಟ್ಟಿದ್ದ ಕಥೆಯೊಂದು, ಮೊದಲನೆಯ ಭಾನುವಾರದ ಸಂಜೆ, ಎರಡನೆಯ ಸುತ್ತಿನ ಕಾಫಿ ಬರುವುದಕ್ಕೂ ಮುಂಚೆಯೇ ಪ್ರಾಣ ಬಿಡುವ ಸ್ಥಿತಿಗೆ ಬಂದು ನಿಂತಿತು. ನದೀತೀರದ ಒಂದು ಸಣ್ಣ ಪಟ್ಟಣ. ಅಲ್ಲಿಯ ದೇವಾಲಯದ ಕಂಚಿನ ಗಂಟೆ ರಾತ್ರೋರಾತ್ರಿ ಮಾಯವಾಗಿದೆ. ಅದನ್ನು ಕಾಯುತ್ತಿದ್ದ ಮುದುಕನ ಮೇಲೆ ಊರಿನವರಿಗೆ ಸಂದೇಹ. ಆದರೆ ಗಂಟೆಯನ್ನು ಹೊತ್ತವರು ಬೇರೆ, ಹೊರಿಸಿದವರು ಬೇರೆ. ಇಷ್ಟನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡು, ಯಾವ ಸುಳಿವು ಯಾವ ವಾರ ಸಿಕ್ಕಬೇಕೆಂಬುದನ್ನೂ ಗೊತ್ತುಮಾಡಿಕೊಂಡು ನಾನು ಠೀವಿಯಿಂದ ಕುಳಿತಿದ್ದೆ. ನಮ್ಮಣ್ಣನ ಮಗಳು, ಆಟದಲ್ಲಿ ಆಕೆ ಮೂರನೆಯ ಮಟ್ಟದ ಅರ್ಚಕಿ, ತನ್ನ ಮುಂದಿದ್ದ ಹಾಳೆಯ ಮೇಲೆ ಒಮ್ಮೆ ಬೆರಳಾಡಿಸಿ, ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳುವವರ ಸಹಜತೆಯಿಂದ, “ಚಿಕ್ಕಪ್ಪ, ಈ ತಾತನ ಮೇಲೆ ನಾನು ಜೋನ್ ಆಫ್ ಟ್ರೂತ್ ಹಾಕ್ತೀನಿ” ಎಂದಳು.

ಈ ಆಟದ ಪರಿಚಯವಿಲ್ಲದ ವಾಚಕರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ, ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳ ರೂಪದಲ್ಲಿ ಹೊರಬಂದ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಉಳಿದ ಸಮಸ್ತ ಪ್ರಪಂಚವನ್ನು, ಅಂದರೆ ರಾಜನನ್ನೂ ರಾಕ್ಷಸನನ್ನೂ ಮಳೆಯನ್ನೂ ಹೋಟೆಲಿನ ಮಾಣಿಯನ್ನೂ, ಒಬ್ಬನೇ ಒಬ್ಬ ನಡೆಸುತ್ತಾನೆ. ಅವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. ಮೇಜಿನ ಸುತ್ತ ಕುಳಿತ ಹುಡುಗರ ಬಾಯಲ್ಲಿ ಬರಿಯ ‘ಡಿಎಂ’. ನನಗೆ ಸೂತ್ರಧಾರನೆಂಬ ನಮ್ಮ ಹಳೆಯ ಮಾತೇ ಪ್ರಿಯ. ಫಲ ಅನಿಶ್ಚಿತವಾದಲ್ಲಿ ಇಪ್ಪತ್ತು ಮುಖಗಳ ದಾಳವೊಂದು ಉರುಳುತ್ತದೆ. ಮಿಕ್ಕದ್ದೆಲ್ಲ ಮಾತು.

ಮಿಕ್ಕದ್ದೆಲ್ಲ ಮಾತು ಎಂದೆನಲ್ಲ, ತೊಡಕಿನ ಬೇರು ಇರುವುದು ಅಲ್ಲಿಯೇ. ಬೆಂಕಿಯುಂಡೆಯನ್ನು ಎಸೆಯುವ ಮಂತ್ರ ಸೂತ್ರಧಾರನನ್ನು ಹೆದರಿಸುವುದಿಲ್ಲ. ಹತ್ತು ಮಂದಿ ದರೋಡೆಕೋರರು ಸುಟ್ಟುಹೋದರೆ ಇನ್ನು ಹತ್ತು ಮಂದಿಯನ್ನು ಬೆಟ್ಟದ ಹಿಂದಿನಿಂದ ಇಳಿಸಬಹುದು. ಅವನನ್ನು ನಿಜವಾಗಿ ಕಂಗೆಡಿಸುವುವು ಮನಸ್ಸನ್ನು ಮುಟ್ಟುವ ಮಂತ್ರಗಳು: ಅನ್ಯನನ್ನು ಒಲಿಸಿಕೊಳ್ಳುವ ವಶೀಕರಣ, ಸುಳ್ಳನ್ನು ಹಿಡಿಯುವ ಸತ್ಯಪರೀಕ್ಷೆ. ಮಾತಿನಿಂದಲೇ ಕಟ್ಟಿದ ಆಟದಲ್ಲಿ, ಮಾತಿನ ಮೇಲೆಯೇ ಅಧಿಕಾರ ನಡೆಸುವ ಈ ವಿದ್ಯೆಗಳು, ಹಂದರವನ್ನು ಹಿಡಿದು ನಿಂತ ಗೂಟವನ್ನೇ ಅಲುಗಿಸುತ್ತವೆ.

ವಶೀಕರಣವನ್ನೇ ಮೊದಲು ನೋಡೋಣ. ‘ಚಾರ್ಮ್ ಪರ್ಸನ್’ ಎಂಬ ಈ ಮಂತ್ರ 1974ರ ಪುಸ್ತಿಕೆಯಲ್ಲಿಯೇ, ಮಾಂತ್ರಿಕನು ಕಲಿಯಬಹುದಾದ ಮೊದಲ ದರ್ಜೆಯ ವಿದ್ಯೆಗಳ ಸಾಲಿನಲ್ಲಿ ಇತ್ತು. ಅದಕ್ಕೆ ಕಾಲಾವಧಿಯೆಂಬುದೇ ಇರಲಿಲ್ಲ. ಇನ್ನೊಂದು ಮಂತ್ರದಿಂದ ಬಿಡಿಸುವವರೆಗೆ ವಶನಾದವನು ವಶನಾಗಿಯೇ ಇರತಕ್ಕದ್ದು. ನಿನ್ನೆ ಮೊನ್ನೆ ಗುರುಕುಲದಿಂದ ಹೊರಬಿದ್ದ ಬಡಮಾಂತ್ರಿಕನೊಬ್ಬ, ಕತ್ತಿ ಹಿಡಿಯಲಾರದ ಕೈ, ನಾಲ್ಕು ಪೆಟ್ಟಿಗೆ ಸಾಯುವ ಮೈ, ತನ್ನ ಮೊದಲ ಮಂತ್ರದಿಂದಲೇ ಆಜನ್ಮ ಸೇವಕನೊಬ್ಬನನ್ನು ಸಂಪಾದಿಸಿಬಿಡಬಹುದಾಗಿತ್ತು. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಇದಕ್ಕೆ ಒಂದು ವಿಚಿತ್ರವಾದ ಕಡಿವಾಣವನ್ನು ಹಾಕಿತು: ವಶನಾದವನ ಬುದ್ಧಿಶಕ್ತಿ ಎಷ್ಟೋ ಅದಕ್ಕೆ ತಕ್ಕಂತೆ, ಬಿಡಿಸಿಕೊಳ್ಳುವ ಅವಕಾಶ ಬೇಗ ಅಥವಾ ತಡವಾಗಿ ಒದಗುತ್ತದೆ. ಬುದ್ಧಿಯ ಅಂಕ 18 ಆಗಿದ್ದವನಿಗೆ 2 ದಿನಕ್ಕೊಮ್ಮೆ. 3 ಅಥವಾ ಅದಕ್ಕೂ ಕಡಿಮೆ ಇದ್ದ ಮಂದಮತಿಗೆ 3 ತಿಂಗಳಿಗೊಮ್ಮೆ. ಕ್ರೂರವಾದ ಗಣಿತ, ಆದರೆ ಲೋಕಾನುಭವಕ್ಕೆ ದೂರವಾದದ್ದೆಂದು ಹೇಳಲಾರೆ. 2014ರ ಪರಿಷ್ಕರಣದ ವೇಳೆಗೆ ಆಜನ್ಮದ ದಾಸ್ಯ ಕುಗ್ಗಿ ಕುಗ್ಗಿ ಕೇವಲ ಒಂದು ಗಂಟೆಯ ಪರಿಚಯವಾಗಿತ್ತು. ವಶನಾದವನು ಮಾಂತ್ರಿಕನನ್ನು ಸ್ನೇಹಭಾವದ ಪರಿಚಿತನೆಂದು ಬಗೆಯುತ್ತಾನೆ, ಅಷ್ಟೆ. ಗಂಟೆ ಕಳೆದ ಮೇಲೆ, ತನಗೆ ಮಂಕುಬೂದಿ ಎರಚಿದವನು ಇಂಥವನೇ ಎಂಬುದು ಅವನಿಗೆ ಸ್ಪಷ್ಟವಾಗಿ ತಿಳಿದೂ ಬಿಡುತ್ತದೆ.

ಸ್ನೇಹಭಾವದ ಪರಿಚಿತನೆಂಬ ಈ ಮಾತಿನಲ್ಲಿ ಸೂತ್ರಧಾರನಿಗೆ ಬೇಕಾದ ಅರ್ಧದಷ್ಟು ಉಪಾಯ ಅಡಗಿದೆಯೆಂಬುದು ನನ್ನ ನಂಬಿಕೆ. ಹೊಸಬರು ‘ಪರಿಚಿತ’ ಎಂಬ ಮಾತನ್ನು ಓದಿ ‘ದಾಸ’ ಎಂದು ಅರ್ಥಮಾಡಿಕೊಳ್ಳುತ್ತಾರೆ. ಖಜಾನೆಯ ಬಾಗಿಲಲ್ಲಿ ನಿಂತ ಪಹರೆಯವನನ್ನು ಒಲಿಸಿಕೊಂಡು “ಬೀಗದ ಕೈ ಕೊಡು” ಎಂದು ಹುಡುಗರು ಕೇಳಿದಾಗ, ಸೂತ್ರಧಾರನು ದಿಗಿಲುಬಿದ್ದು ಬೀಗದ ಕೈ ಕೊಟ್ಟುಬಿಡಬೇಕಾಗಿಲ್ಲ. ಆ ಪಹರೆಯವನ ನಿಜವಾದ ಸ್ನೇಹಿತನೊಬ್ಬ ಬಂದು ಕೇಳಿದ್ದರೆ ಏನಾಗುತ್ತಿತ್ತೆಂದು ತನ್ನನ್ನೇ ಕೇಳಿಕೊಂಡರೆ ಸಾಕು. ಅವನು ಆಚೆ ಈಚೆ ನೋಡಿ, ದನಿ ತಗ್ಗಿಸಿ, “ಏನಪ್ಪಾ ನೀನು, ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲ! ಸಾಹೇಬರು ಈಗ ಬರ್ತಾರೆ, ಮೊದಲು ಇಲ್ಲಿಂದ ಹೊರಡು” ಎಂದಾನು. ಆ ಮಾತಿನಲ್ಲಿ ಸ್ನೇಹವೂ ಇದೆ, ಸಾಹೇಬರು ಬರುವ ಹೊತ್ತಿನ ಸುಳಿವೂ ಇದೆ, ಬೀಗದ ಕೈ ಮಾತ್ರ ಇಲ್ಲ. ಮಂತ್ರ ವ್ಯರ್ಥವಾಗಲಿಲ್ಲ, ಆದರೆ ಪಹರೆಯವನು ಮನುಷ್ಯನಾಗಿ ಉಳಿದ.

ಇನ್ನರ್ಧ ಉಪಾಯ ಮಂತ್ರ ಹಾಕುವ ಕ್ಷಣದಲ್ಲಿದೆ. ನಿಯಮದ ಪ್ರಕಾರ ಈ ಮಂತ್ರಕ್ಕೆ ಉಚ್ಚಾರವೂ ಬೇಕು, ಹಸ್ತಮುದ್ರೆಯೂ ಬೇಕು. ಒಳಗೊಳಗೇ ಜಪಿಸಿ ಮುಗಿಸುವಂಥದಲ್ಲ. ತುಂಬಿದ ಸಂತೆಯಲ್ಲಿ ಅಪರಿಚಿತನೊಬ್ಬ ವರ್ತಕನ ಕಡೆಗೆ ಕೈ ಚಾಚಿ ಏನೋ ಗುನುಗತೊಡಗಿದರೆ, ಇಂಥ ವಿದ್ಯೆ ಇದೆಯೆಂದು ಬಲ್ಲ ಊರಿನಲ್ಲಿ, ಅಕ್ಕಪಕ್ಕದವರು ಅದನ್ನು ನಮಸ್ಕಾರವೆಂದು ಭಾವಿಸಲಾರರು. ವರ್ತಕನ ಕಾವಲುಗಾರನ ಕೈ ಕತ್ತಿಯ ಹಿಡಿಗೆ ಹೋಗುತ್ತದೆ. “ಅವಳು ಮದ್ದು ಹಾಕಿದ್ದಾಳೆ” ಎಂಬ ಬರಿಯ ಗುಮಾನಿಗೆ ಒಬ್ಬಾಕೆಯ ಮನೆಯಲ್ಲಿ ನೀರು ಕುಡಿಯದೆ ಮುಂದೆ ನಡೆಯುತ್ತಿದ್ದ ಹಳ್ಳಿಗಳ ನೆನಪು ನಮ್ಮವರಿಗೆ ಇನ್ನೂ ಮಾಸಿಲ್ಲ. ಗುಮಾನಿಗೇ ಅಷ್ಟಾದರೆ, ವಶೀಕರಣವು ಪ್ರತ್ಯಕ್ಷವಾಗಿ ನಡೆಯುವ ಲೋಕದಲ್ಲಿ ಅದರ ಸುತ್ತ ಎಷ್ಟು ಭಯ, ಎಷ್ಟು ಕಟ್ಟಳೆ, ಎಷ್ಟು ದಂಡನೆ ಬೆಳೆದಿರಬೇಡ! ಆ ಲೋಕವನ್ನು ಕಲ್ಪಿಸಿದ ಸೂತ್ರಧಾರರಲ್ಲಿ ಬಹುಮಂದಿ ಅಂಥ ಒಂದು ಕಾನೂನನ್ನೂ ಕಲ್ಪಿಸದೆ, ಊರಿನವರನ್ನೆಲ್ಲ ಮಂತ್ರವೆಂದರೇನೆಂದೇ ಅರಿಯದ ಮುಗ್ಧರನ್ನಾಗಿ ಮಾಡಿಟ್ಟು, ಆಮೇಲೆ ಆಟ ಕೆಟ್ಟಿತೆಂದು ಮಂತ್ರವನ್ನು ಬಯ್ಯುತ್ತಾರೆ.

ಪುಸ್ತಕವೂ ಒಮ್ಮೊಮ್ಮೆ ಅವರಿಗೆ ನೆರವಾಗುವುದಿಲ್ಲವೆನ್ನಿ. 2014ರ ಪುಸ್ತಕದ ‘ಸಜೆಶನ್’ ಎಂಬ ಇನ್ನೊಂದು ಮಂತ್ರದಲ್ಲಿ, ಸೂಚಿಸುವ ಕಾರ್ಯ ಕೇಳುವವನಿಗೆ ಯುಕ್ತವೆಂದು ತೋರುವಂತಿರಬೇಕು ಎಂಬ ಕಟ್ಟು ಇದೆ. ಆದರೆ ಅದೇ ಪುಟದಲ್ಲಿ, ದಾರಿಯಲ್ಲಿ ಮೊದಲು ಎದುರಾದ ಭಿಕ್ಷುಕನಿಗೆ ತನ್ನ ಯುದ್ಧಾಶ್ವವನ್ನು ಕೊಟ್ಟುಬಿಡುವಂತೆ ವೀರಯೋಧೆಯೊಬ್ಬಳಿಗೆ ಸೂಚಿಸಬಹುದು ಎಂಬ ಉದಾಹರಣೆಯೂ ಇದೆ. ಕರ್ಣನಿಗೆ ಅದು ಯುಕ್ತವಾಗಿ ಕಂಡೀತು. ಮಿಕ್ಕವರಿಗೆ ಹೇಗೆ ಕಂಡೀತೋ ನನಗೆ ಇಂದಿಗೂ ಬಗೆಹರಿದಿಲ್ಲ.

ಸತ್ಯಪರೀಕ್ಷೆಗೆ ಬರೋಣ. ನಮ್ಮ ಅರ್ಚಕಿ ಹಾಕಿದ ‘ಜೋನ್ ಆಫ್ ಟ್ರೂತ್’, ಅಂದರೆ ಸತ್ಯವಲಯ, ಹದಿನೈದು ಅಡಿ ತ್ರಿಜ್ಯದ್ದು, ಹತ್ತು ನಿಮಿಷಗಳ ಆಯುಸ್ಸಿನದು. ಒಳಗಿರುವವನಿಗೆ ತಡೆದುಕೊಳ್ಳಲು ಒಂದು ದಾಳ ಉಂಟು. ಸೋತರೆ, ತಿಳಿದೂ ತಿಳಿದೂ ಸುಳ್ಳಾಡುವುದು ಅವನಿಂದ ಆಗದು. ಗೆದ್ದನೋ ಸೋತನೋ ಎಂಬುದು ಮಂತ್ರ ಹಾಕಿದವರಿಗೆ ಗೊತ್ತಾಗುತ್ತದೆ. ಗೆದ್ದರೂ ಆರು ಸೆಕೆಂಡಿಗೊಂದು ಸರದಿಯಂತೆ ಮತ್ತೆ ಮತ್ತೆ ದಾಳ ಉರುಳಿಸಬೇಕಾದ್ದರಿಂದ, ಹತ್ತು ನಿಮಿಷ ಅಲ್ಲಿಯೇ ನಿಂತವನು ಅದೃಷ್ಟದ ಬಲದಿಂದ ಪಾರಾಗುವ ಮಾತಿಲ್ಲ. ನನ್ನ ಮುದುಕನಿಗೆ ಮೊದಲನೆಯ ಉರುಳಿಕೆಯಲ್ಲಿಯೇ 4 ಬಿತ್ತು.

“ಗಂಟೆ ಕದ್ದದ್ದು ನೀನಾ?”

“ಅಲ್ಲ, ತಾಯಿ.”

“ಕದ್ದೋರನ್ನ ನೋಡಿದೆಯಾ?”

“ಆ ಕತ್ತಲಲ್ಲಿ ನಾನು ಯಾರ ಮುಖಾನೂ ನೋಡಲಿಲ್ಲ, ತಾಯಿ.”

ಹಿಂದೆ ನೆರೆದಿದ್ದ ಜನರಲ್ಲಿ ಯಾರೋ ಕೆಮ್ಮಿದರೆಂದೂ, ಮುದುಕನ ಮಾತು ಅಲ್ಲಿ ಅರೆಗಳಿಗೆ ನಿಂತಿತೆಂದೂ ನಾನು ಹೇಳಿದೆ. ಯಾರೂ ಅದನ್ನು ಬರೆದುಕೊಳ್ಳಲಿಲ್ಲ. ಇವನು ಸತ್ಯವಂತ ಎಂದು ತೀರ್ಮಾನಿಸಿ, ಅವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ನಾಲ್ವರೂ ನದಿಯ ಕಡೆಗೆ ಹೊರಟರು. ನಾನು ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ.

ಮುದುಕ ಸುಳ್ಳಾಡಿರಲಿಲ್ಲ. ಅವಳು ಕೇಳಿದ್ದು ಕಣ್ಣಿನ ಸಂಗತಿಯನ್ನು. ಅವನಿಗೆ ತಿಳಿದಿದ್ದುದು ಕಿವಿಯ ಸಂಗತಿ. ಆ ರಾತ್ರಿ ಗೋಪುರದ ಮೆಟ್ಟಿಲ ಮೇಲೆ ಅವನು ಕೇಳಿದ್ದು ತನ್ನ ಸ್ವಂತ ಮಗನ ಕೆಮ್ಮನ್ನು. ಸತ್ಯವಲಯ ನಿಷೇಧಿಸುವುದು ಸುಳ್ಳನ್ನೇ ಹೊರತು ಮೌನವನ್ನಲ್ಲ, ಸುತ್ತುಬಳಸನ್ನಲ್ಲ. ವಲಯದೊಳಗೆ ನಿಂತವನಿಗೆ ತಾನು ಮಂತ್ರದಲ್ಲಿರುವೆನೆಂಬ ಅರಿವೂ ಇರುತ್ತದೆ, ಸತ್ಯದ ಎಲ್ಲೆ ಮೀರದೆ ಜಾರಿಕೊಳ್ಳುವ ಸ್ವಾತಂತ್ರ್ಯವೂ ಇರುತ್ತದೆ ಎಂದು ನಿಯಮವೇ ಹೇಳುತ್ತದೆ. ಈ ವಿದ್ಯೆಯಲ್ಲಿ ನಮಗೆ ಪಾಶ್ಚಾತ್ಯರು ಕಲಿಸಬೇಕಾದದ್ದು ಹೆಚ್ಚಿಲ್ಲ. ದ್ರೋಣಾಚಾರ್ಯರ ಮುಂದೆ ನಿಂತು, ಸತ್ತದ್ದು ಆನೆಯೆಂಬ ಪದವನ್ನು ಕ್ಷೀಣಸ್ವರದಲ್ಲಿ ನುಡಿದ ಧರ್ಮರಾಯನನ್ನು ಈ ಮಂತ್ರ ಹಿಡಿಯುತ್ತಿತ್ತೆ? ಸತ್ಯದ ಮಾತಿನಿಂದಲೇ ವಂಚಿಸಲು ಹೊರಟವನ ಉದ್ದೇಶವನ್ನು ನಿಯಮ ತೂಗುವುದಿಲ್ಲ. ಅವನ ರಥ ನೆಲಕ್ಕೆ ತಾಗಿತೆನ್ನುವ ವ್ಯಾಸರು ತೂಗುತ್ತಾರೆ. ಸತ್ಯವನ್ನೇ ನುಡಿಯುವೆನೆಂಬ ವ್ರತ ಹಿಡಿದು, ಅಡಗಿದವರ ಜಾಡನ್ನು ದರೋಡೆಕೋರರಿಗೆ ತೋರಿಸಿ ನರಕಕ್ಕೆ ಹೋದ ಕೌಶಿಕನ ಕಥೆಯನ್ನು ಕೃಷ್ಣನು ಅರ್ಜುನನಿಗೆ ಹೇಳುವುದೂ ಅದೇ ಭಾರತದಲ್ಲಿಯೇ. ಈ ಇಬ್ಬರ ನಡುವಿನ ಅಂತರದಲ್ಲಿ ಎಷ್ಟು ಬಗೆಯ ಸಾಕ್ಷಿಗಳನ್ನು ನಿಲ್ಲಿಸಬಹುದೆಂಬುದನ್ನು ಯೋಚಿಸಿದ ಸೂತ್ರಧಾರನಿಗೆ ಸತ್ಯವಲಯ ಶತ್ರುವಾಗಿ ಕಾಣುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಬಿರುಕು ಇದೆ. ಮಂತ್ರ ಅಳೆಯುವುದು ನುಡಿಯುವವನ ನಂಬಿಕೆಯನ್ನು, ನಡೆದ ಸಂಗತಿಯನ್ನಲ್ಲ. ಮುದುಕನ ಮಗನನ್ನು ಮೂರನೆಯ ಭಾನುವಾರ ದೋಣಿಕಟ್ಟೆಯ ಬಳಿ ಹಿಡಿದು ವಲಯದಲ್ಲಿ ನಿಲ್ಲಿಸಿದಾಗ ಅವನು, “ನಾನು ಕದ್ದಿಲ್ಲ, ಗಂಟೆ ಬಿರುಕು ಬಿಟ್ಟಿದೆ, ಸರಿಮಾಡಿಸಬೇಕು, ಊರಿನವರಿಗೆ ತಿಳಿದರೆ ಅಪಶಕುನ ಅಂತಾರೆ, ರಾತ್ರಿ ಸಾಗಿಸು ಅಂತ ಧರ್ಮಾಧಿಕಾರಿಗಳು ಹೇಳಿದರು” ಎಂದ. ಒಂದಕ್ಷರ ಸುಳ್ಳಿಲ್ಲ. ಗಂಟೆಗೆ ಬಿರುಕೂ ಇರಲಿಲ್ಲ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡ ಆ ಗಳಿಗೆಗಾಗಿ ನಾನು ಎರಡು ವಾರ ಕಾದಿದ್ದೆ. ಪ್ರಾಮಾಣಿಕವಾಗಿ ತಪ್ಪು ತಿಳಿದವನೊಬ್ಬ ಕಥೆಯಲ್ಲಿದ್ದರೆ, ಸುಳ್ಳು ಹಿಡಿಯುವ ಮಂತ್ರವೇ ಸುಳ್ಳಿಗೆ ಮುದ್ರೆಯೊತ್ತುತ್ತದೆ.

ಈ ದಾರಿಯನ್ನು ಬಿಟ್ಟು ಅವಸರದ ಸೂತ್ರಧಾರರು ಹಿಡಿಯುವುದು ಉಂಗುರದ ದಾರಿಯನ್ನು. ಮನಸ್ಸನ್ನು ಮರೆಮಾಡುವ ‘ರಿಂಗ್ ಆಫ್ ಮೈಂಡ್ ಶೀಲ್ಡಿಂಗ್’ ಎಂಬ ಉಂಗುರವೊಂದು ಪುಸ್ತಕದಲ್ಲಿದೆ. ಅದನ್ನು ತೊಟ್ಟವನು ಸುಳ್ಳಾಡುವನೋ ಇಲ್ಲವೋ ಯಾವ ಮಂತ್ರಕ್ಕೂ ತಿಳಿಯದು. 1978ರ ಪುಸ್ತಕದಲ್ಲಿ ಸುಳ್ಳು ಹಿಡಿಯುವ ಮಂತ್ರ ಅರ್ಚಕರ ನಾಲ್ಕನೆಯ ದರ್ಜೆಯದು, ಅದನ್ನೇ ತಿರುಗುಮುರುಗಾಗಿ ಹಾಕಿದರೆ ಸುಳ್ಳು ಹಿಡಿಸದಂತಾಗುತ್ತಿತ್ತು. ಇಂಥ ಮದ್ದಿಗೆ ಮದ್ದುಗಳು ಇರಬೇಕಾದದ್ದೇ. ಆದರೆ ಪ್ರತಿಯೊಬ್ಬ ಖಳನ ಬೆರಳಲ್ಲಿಯೂ ಆ ಉಂಗುರವೇ ಹೊಳೆಯತೊಡಗಿದರೆ, ಆ ದೇಶದಲ್ಲಿ ಅಕ್ಕಸಾಲಿಗರಿಗೆ ಬೇರೆ ಕಸುಬೇ ಇಲ್ಲವೆ ಎಂದು ಕೇಳಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಡುವ ಹುಡುಗಿ ತನ್ನ ಪಾತ್ರಕ್ಕೆ ಬೇಕೆಂದು ಆರಿಸಿಕೊಂಡ ವಿದ್ಯೆ ಯಾವ ಗಹನ ಪ್ರಸಂಗದಲ್ಲಿಯೂ ಫಲಿಸುವುದಿಲ್ಲವೆಂದು ಅವಳಿಗೆ ಹೇಳಿದಂತಾಗುತ್ತದೆ. ಅದು ಅನ್ಯಾಯ. ನೇರವಾಗಿ “ಈ ಮಂತ್ರ ನಮ್ಮ ಆಟದಲ್ಲಿ ಬೇಡ” ಎಂದುಬಿಡುವುದು ಅದಕ್ಕಿಂತ ಮರ್ಯಾದೆ.

ನಮ್ಮ ಮೇಜಿನಲ್ಲಿ ಕಾನೂನು ಓದುತ್ತಿರುವ ಹುಡುಗನೊಬ್ಬನಿದ್ದಾನೆ; ಆಟದಲ್ಲಿ ಅವನು ಕಳ್ಳ. ಧರ್ಮಾಧಿಕಾರಿಯನ್ನೂ ಎಳೆದು ತಂದು ವಲಯದಲ್ಲಿ ನಿಲ್ಲಿಸೋಣವೆಂದು ಮಿಕ್ಕವರು ಎದ್ದಾಗ, ಅವನು ಆಟವನ್ನು ಬಿಟ್ಟು ಪಾಠಕ್ಕೆ ಇಳಿದ. ನಮ್ಮ ರಾಜ್ಯದ ಹೆಸರು ಹೊತ್ತ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯಿಲ್ಲದೆ ಒಬ್ಬನನ್ನು ಮಂಪರು ಪರೀಕ್ಷೆಗೋ ಸುಳ್ಳುಪತ್ತೆ ಯಂತ್ರಕ್ಕೋ ಮಿದುಳಿನ ಪರೀಕ್ಷೆಗೋ ಗುರಿಪಡಿಸುವುದು, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಕೂಡದೆಂಬ ಸಂವಿಧಾನದ 20(3)ನೆಯ ವಿಧಿಗೆ ವಿರುದ್ಧವೆಂದು ಹೇಳಿದೆ. ಒಪ್ಪಿಗೆಯಿಂದಲೇ ನಡೆದರೂ ಪರೀಕ್ಷೆಯ ಫಲವೇ ಸಾಕ್ಷ್ಯವಾಗದು, ಅದರ ಜಾಡು ಹಿಡಿದು ಸಿಕ್ಕ ವಸ್ತು ಆದೀತು. “ಅಂಕಲ್, ನಿಮ್ಮ ಊರಲ್ಲಿ ಈ ರೂಲ್ ಇದೆಯಾ?” ಎಂದು ಕೇಳಿದ. ಅಲ್ಲಿಯವರೆಗೆ ಇರಲಿಲ್ಲ, ಅವನು ಕೇಳಿದ ಮೇಲೆ ಇತ್ತು.

ಅಂದಿನ ರಾತ್ರಿ ಕುಳಿತು ಆ ಊರಿಗೊಂದು ವ್ಯವಹಾರಕಾಂಡ ಬರೆಯತೊಡಗಿದಾಗ ನೆರವಿಗೆ ಬಂದದ್ದು ಮಿತಾಕ್ಷರಾ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಆ ವ್ಯಾಖ್ಯಾನದಲ್ಲಿ ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ದಿವ್ಯಗಳ ವಿಚಾರ ವಿಸ್ತಾರವಾಗಿ ಬರುತ್ತದೆ. ದಿವ್ಯವೆಂದರೆ ದೈವವನ್ನೇ ಸಾಕ್ಷಿಗೆ ಕರೆಯುವ ಸತ್ಯಪರೀಕ್ಷೆ. ಆದರೆ ಅದರ ಸ್ಥಾನ ಎಲ್ಲಿಯೆಂಬುದನ್ನು ಗಮನಿಸಬೇಕು: ಮೊದಲು ಲಿಖಿತ, ಭುಕ್ತಿ, ಸಾಕ್ಷಿಗಳು, ಈ ಮೂರರಲ್ಲಿ ಯಾವುದೂ ಇಲ್ಲದಿದ್ದಾಗ ಮಾತ್ರ ದಿವ್ಯ. ಪವಾಡವನ್ನು ನಂಬಿದ ಸಮಾಜವೂ ಪವಾಡವನ್ನು ಕೊನೆಯ ಮೆಟ್ಟಿಲಿನಲ್ಲಿಯೇ ಇಟ್ಟಿತ್ತು. ನನ್ನ ಕಲ್ಪಿತ ಪಟ್ಟಣದಲ್ಲಿಯೂ ಅಂದಿನಿಂದ ಅದೇ ಕ್ರಮ: ಪತ್ರ, ಭೋಗ, ಸಾಕ್ಷಿ ಮುಗಿದ ಮೇಲೆ, ನ್ಯಾಯಾಧೀಶನ ಅಪ್ಪಣೆ ಪಡೆದು, ಎರಡೂ ಪಕ್ಷದವರ ಅರ್ಚಕರು ಎದುರಿಗಿರುವಾಗ ಸತ್ಯವಲಯ, ಅಪ್ಪಣೆಯಿಲ್ಲದೆ ಹಾಕಿದವರಿಗೆ ದಂಡ. ಧರ್ಮಾಧಿಕಾರಿ ತನ್ನ ತಿಜೋರಿಯ ಹಿಂದೆ ಇನ್ನೆರಡು ವಾರ ನೆಮ್ಮದಿಯಾಗಿದ್ದ.

ಸುಳ್ಳನ್ನು ಹಿಡಿಯುವ ಆಸೆ ಕಥೆಯಿಂದ ಜೀವನಕ್ಕೂ ಜೀವನದಿಂದ ಕಥೆಗೂ ಓಡಾಡುತ್ತಲೇ ಇರುತ್ತದೆ. ರಕ್ತದೊತ್ತಡದಿಂದ ಸುಳ್ಳನ್ನು ಪತ್ತೆಮಾಡಬಹುದೆಂದು ಸಾರಿದ, 1923ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಯಾರ ಪರೀಕ್ಷೆಯನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲವೋ ಆ ವಿಲಿಯಂ ಮೋಲ್ಟನ್ ಮಾರ್‌ಸ್ಟನ್ ಎಂಬ ಮನಶ್ಶಾಸ್ತ್ರಜ್ಞನೇ 1941ರಲ್ಲಿ ‘ವಂಡರ್ ವುಮನ್’ ಎಂಬ ಚಿತ್ರಕಥಾನಾಯಿಕೆಯನ್ನು ಸೃಷ್ಟಿಸಿದವನು. ಕಟ್ಟಿಬಿದ್ದವನು ಸತ್ಯ ನುಡಿಯಲೇಬೇಕಾದ ಹಗ್ಗ ಅವಳ ಕೈಯಲ್ಲಿರುವುದನ್ನು ಕಂಡಾಗಲೆಲ್ಲ ನನಗೆ ಆ ನ್ಯಾಯಾಲಯದ ನೆನಪಾಗುತ್ತದೆ.

ಇಷ್ಟು ಹೊತ್ತೂ ನಾನು ಸೂತ್ರಧಾರನ ಪಾತ್ರಗಳ ಮೇಲೆ ಆಡುವವರು ಹಾಕುವ ಮಂತ್ರದ ಮಾತನ್ನೇ ಆಡಿದೆ. ತಿರುಗಿಸಿ ಹಾಕಿದಾಗ ವಿಷಯ ಬೇರೆಯಾಗುತ್ತದೆ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಒಬ್ಬ ದುಷ್ಟ ಮಾಂತ್ರಿಕನ ಕೈಯಿಂದ, ಮನಸ್ಸನ್ನು ಪೂರ್ತಿಯಾಗಿ ವಶಪಡಿಸಿಕೊಳ್ಳುವ ‘ಡಾಮಿನೇಟ್ ಪರ್ಸನ್’ ಎಂಬ ಮಂತ್ರವನ್ನು ಒಬ್ಬ ಹುಡುಗನ ಪಾತ್ರದ ಮೇಲೆ ಹಾಕಿಸಿ, ಅವನು ತನ್ನ ಸಂಗಡಿಗನನ್ನೇ ಇರಿಯುವಂತೆ ಮಾಡಿದೆ. ನಿಯಮದಲ್ಲಿ ತಪ್ಪಿರಲಿಲ್ಲ, ದಾಳ ಎಲ್ಲರೆದುರಿಗೇ ಬಿದ್ದಿತ್ತು, ರಸವತ್ತಾದ ಪ್ರಸಂಗವೆಂದು ನಾನು ಒಳಗೊಳಗೇ ಬೀಗುತ್ತಲೂ ಇದ್ದೆ. ಹುಡುಗ ಏನೂ ಅನ್ನಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನು ಇನ್ನೊಮ್ಮೆ ತೊಳೆದು ಬೋರಲು ಹಾಕಿ, “ಬಸ್ಸಿಗೆ ಹೊತ್ತಾಯ್ತು ಅಂಕಲ್” ಎಂದು ಹೊರಟುಹೋದ. ಈ ಆಟದಲ್ಲಿ ಆಡುವವನಿಗೆ ತನ್ನದೆಂಬ ಸ್ವತ್ತು ಒಂದೇ ಒಂದು, ತನ್ನ ಪಾತ್ರ ಏನು ಮಾಡಬೇಕೆಂಬ ಇಚ್ಛೆ. ರಾಜ್ಯ, ಕಾಡು, ದೇವತೆಗಳು ಎಲ್ಲವೂ ನನ್ನವಾಗಿದ್ದೂ ನಾನು ಅವನ ಆ ಒಂದನ್ನು ಕಿತ್ತುಕೊಂಡಿದ್ದೆ.

ಈಗ ನಾನು ಮೊದಲು ಕೇಳುತ್ತೇನೆ: ನಿನ್ನ ಪಾತ್ರ ವಶವಾಗಿದೆ, ನೀನೇ ಆಡುತ್ತೀಯೋ, ಬೇಡವೋ? ಆಶ್ಚರ್ಯವೆಂದರೆ, ಕೇಳಿದಾಗ ಬಹುಮಂದಿ ಆಡುವೆನೆನ್ನುತ್ತಾರೆ, ನಾನು ಆಡಿಸುವುದಕ್ಕಿಂತ ಘೋರವಾಗಿಯೂ ಆಡುತ್ತಾರೆ. ಪ್ರಣಯಕ್ಕಾಗಿ ವಶೀಕರಣ ಹಾಕುವ ಪ್ರಸಂಗಕ್ಕೆ ಮಾತ್ರ ನಮ್ಮಲ್ಲಿ ಎಡೆಯಿಲ್ಲ. ಆ ಮಾತಿನಲ್ಲಿ ಚರ್ಚೆಗೂ ಎಡೆಯಿಲ್ಲ. ಜಾನ್ ಸ್ಟಾವ್ರೊಪೌಲಸ್ ಎಂಬ ಅಮೆರಿಕದ ಆಟಗಾರ ರೂಢಿಗೆ ತಂದ ‘ಎಕ್ಸ್ ಕಾರ್ಡ್’ ನಮ್ಮ ಮೇಜಿನ ಮೇಲೆಯೂ ದಾಳಗಳ ಪಕ್ಕದಲ್ಲಿ ಇರುತ್ತದೆ: ಹಳೆಯ ಲಗ್ನಪತ್ರಿಕೆಯೊಂದರ ಹಿಂಭಾಗದಲ್ಲಿ ಇಂಟು ಗುರುತು ಹಾಕಿದ ಚೀಟಿ. ಯಾರು ಮುಟ್ಟಿದರೂ ಆ ಪ್ರಸಂಗ ಅಲ್ಲಿಗೆ ನಿಲ್ಲುತ್ತದೆ. ಏಕೆಂದು ಯಾರೂ ಕೇಳುವಂತಿಲ್ಲ.

ಗಂಟೆಯ ಕಥೆ ಐದನೆಯ ಭಾನುವಾರ ಮುಗಿಯುವ ಹಂತಕ್ಕೆ ಬಂತು. ಧರ್ಮಾಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಒಬ್ಬ ಸಾಕ್ಷಿ ಬೇಕಾಗಿತ್ತು. ಗಂಟೆ ಹೊತ್ತವರನ್ನು ಬಿಟ್ಟರೆ ಆ ರಾತ್ರಿ ಗೋಪುರದಲ್ಲಿದ್ದವನು ಮುದುಕನೊಬ್ಬನೇ. ಹುಡುಗರು ಮತ್ತೆ ಅವನ ಗುಡಿಸಿಲಿಗೆ ಹೋದರು. ಅರ್ಚಕಿ ಇನ್ನೇನು ಮಂತ್ರ ಹಾಕುತ್ತಾಳೆ, ಈ ಸಲ ಕೇಳಬೇಕಾದ್ದನ್ನೇ ಕೇಳುತ್ತಾಳೆ ಎಂದು ನಾನು ದಾಳ ಕೈಗೆತ್ತಿಕೊಂಡೆ. ಅವಳು ಹಾಳೆಯ ಕಡೆ ನೋಡಲಿಲ್ಲ. ಒಲೆಯ ಮೇಲೆ ಗಂಜಿ ಇದೆಯೇ ಎಂದು ಕೇಳಿದಳು, ಇದೆ ಎಂದೆ. ಅದನ್ನು ಬಟ್ಟಲಿಗೆ ಬಗ್ಗಿಸಿ ಅವನ ಮುಂದಿಟ್ಟು ಎದುರಿಗೆ ಕೂತುಕೊಳ್ಳುತ್ತೇನೆಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾ, ನಿನ್ನ ಮಗನ ಕೆಮ್ಮು ಹೇಗಿದೆ?” ಎಂದಳು.

ಮುದುಕನಾಗಿ ನಾನು ಏನು ಹೇಳಬೇಕೆಂಬುದು ನೋಟುಪುಸ್ತಕದಲ್ಲಿ ಇರಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ.

“ಒಂದು ಸ್ಪೆಲ್ ಸ್ಲಾಟ್ ಉಳೀತು, ಚಿಕ್ಕಪ್ಪ” ಎಂದು ಅವಳು ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡಳು.